ಎರಡು ನಿದ್ದೆಯಷ್ಟು ದೂರ

ಇಕಿರಾಸಾಕ್
ಮಾರ್ಚ್ 9, 1993

ನನ್ನ ಹೆಂಡತಿ ಕಪ್ಪಿಯಾನಾಕ್‌ಗೆ,

ಆ ದಿನ ಮಂಜು ಇರಲಿಲ್ಲ.

ಅಕ್ಟೋಬರ್ ಹದಿನೈದು, ಗುರುವಾರ. ಆಕಾಶ ತೊಳೆದಿಟ್ಟ ಹಾಗಿತ್ತು. ರನ್‌ವೇ ಪಕ್ಕದ ರೇಡಿಯೋ ಗುಡಿಸಲಿನ ಕಿಟಕಿಯಿಂದ ಹದಿನೈದು ಮೈಲಿ ಆಚೆಗಿನ ಬಂಡೆಯ ಮೂಗು ಕಾಣುತ್ತಿತ್ತು. ಹವಾಮಾನದ ಹಾಳೆಯಲ್ಲಿ 'ಮಂಜು, ಅರ್ಧ ಮೈಲಿ' ಎಂದು ಬರೆದದ್ದು ನಾನು. ನೀನು ಕೂತಿದ್ದ ವಿಮಾನ ನಮ್ಮೂರಲ್ಲಿ ಇಳಿಯದೆ ಹೋದದ್ದು ಆ ಮೂರು ಪದಗಳಿಂದ.

ಐದು ತಿಂಗಳಿಂದ ಇದನ್ನು ಬಚ್ಚಿಟ್ಟಿದ್ದೇನೆ. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿನ್ನ ಮೊಮ್ಮಗ ಎತ್ತಿಕೊಂಡು, ಹಿಂದೆ ಟಿವಿ ಕಿರುಚುತ್ತಿರುವಾಗ, "ಏನು ವಿಷ್ಯ, ನನ್ಹತ್ರಾನೇ ಹೇಳು, ಅಜ್ಜಿಗೆ ಕಿವಿ ಕೇಳ್ಸಲ್ಲ" ಅಂದ. ಇಟ್ಟುಬಿಟ್ಟೆ.

ನಡೆದದ್ದು ಇಷ್ಟು. ನಿನ್ನೂರು ತಸಿಯಾಲುಕ್‌ಗೆ ಒಂದು, ನಮ್ಮೂರಿಗೆ ಒಂದು ವಿಮಾನ ತೆಂಕಲ ದೊಡ್ಡ ಊರು ಇಕಾಲುಯಿಟ್‌ನಿಂದ ಬೇರೆಬೇರೆಯಾಗಿ ಬರುವುದು ವಾಡಿಕೆ. ಆ ಗುರುವಾರ ಮಾತ್ರ ಎರಡಕ್ಕೂ ಸೇರಿ ಒಂದೇ ಇತ್ತು. ನೀನು ಆಸ್ಪತ್ರೆಯಿಂದ ಮನೆಗೆ ಹೋಗುತ್ತಿದ್ದೆ. ಇಲ್ಲಿ ಸಾಮಾನು ಇಳಿಸುವ ನಲವತ್ತು ನಿಮಿಷ ನೀನೂ ನಿನ್ನ ತಂಗಿಯಾದ ನಮ್ಮಜ್ಜಿಯೂ ಕೈ ಹಿಡಿದು ಕೂರುವುದೆಂದು ಮಾತಾಗಿತ್ತು. ಎಂಟು ವರ್ಷದಿಂದ ನೀವಿಬ್ಬರೂ ಮುಖ ನೋಡಿರಲಿಲ್ಲ. ಕಣ್ಣು ಹೋದ ಅಜ್ಜಿಯನ್ನು ನಾನೇ ಜಾರುಬಂಡಿಯಲ್ಲಿ ಕೂರಿಸಿ, ಎರಡು ತುಪ್ಪಳದ ಹೊದಿಕೆ ಸುತ್ತಿ ರನ್‌ವೇ ಅಂಚಿಗೆ ಎಳೆದು ತಂದಿದ್ದೆ. ಆಮೇಲೆ ಡ್ಯೂಟಿಗೆಂದು ಗುಡಿಸಲಿನೊಳಗೆ ಹೋದೆ.

ವಿಮಾನ ಕಂಪನಿಯ ಏಜೆಂಟ್ ಡಂಕನ್ ನನ್ನ ಹಿಂದೆ ಬಂದು ನಿಂತ. "ಮಂಜು ಅಂತ ಹಾಕು ಮಗು. ಅರ್ಧ ಮೈಲಿ."

"ಕಿಟಕಿ ನೋಡು. ಎಲ್ಲಿದೆ ಮಂಜು?"

"ವಿಮಾನ ಲೇಟಾಗಿದೆ. ಇಲ್ಲಿ ಇಳಿದ್ರೆ ಪೈಲಟ್‌ಗಳ ಡ್ಯೂಟಿ ಹೊತ್ತು ಮುಗಿದುಹೋಗುತ್ತೆ. ತಸಿಯಾಲುಕ್‌ಗೆ ಹೋಗೋ ಗಣಿ ಸಾಹೇಬ್ರು ಇಲ್ಲೇ ಬಿದ್ದಿರ್ತಾರೆ. ಹವಾಮಾನ ಕೆಟ್ಟಿತ್ತು ಅಂದ್ರೆ ಯಾರೂ ಯಾರನ್ನೂ ಏನೂ ಕೇಳಲ್ಲ."

"ಅದ್ರಲ್ಲಿ ಕಪ್ಪಿಯಾನಾಕ್ ಇದ್ದಾಳೆ. ಹೊರಗೆ ನಮ್ಮಜ್ಜಿ ಕೂತಿದ್ದಾಳೆ."

"ಮುದುಕೀರು ಇನ್ನೊಂದ್ಸಲ ಸಿಕ್ತಾರೆ ಬಿಡು. ನಿನಗೆ ಕೆಲಸ ಇನ್ನೊಂದ್ಸಲ ಸಿಗುತ್ತಾ?"

ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಬರೆದೆ. ಐದು ದಿನ ಬಿಟ್ಟು ಅಜ್ಜಿ ಸತ್ತಳು.

ನಾನು ಶಾಲೆ ಯಾಕೆ ಬಿಟ್ಟೆ ಎಂದು ನೀನು ಎಷ್ಟು ಸಲ ಕೇಳಿದ್ದೀ. ಅದನ್ನೂ ಹೇಳುತ್ತೇನೆ. ಗಣಿತದ ಪರೀಕ್ಷೆಯಲ್ಲಿ ಒಂದು ಲೆಕ್ಕ ಬಂತು: ಇಕಿರಾಸಾಕ್ ಮತ್ತು ತಸಿಯಾಲುಕ್ ವಿಮಾನ ನಿಲ್ದಾಣಗಳ ನಡುವೆ ಇನ್ನೂರ ಮೂವತ್ತು ಕಿಲೋಮೀಟರ್, ವಿಮಾನ ಗಂಟೆಗೆ ಇನ್ನೂರ ಎಪ್ಪತ್ತಾರರಂತೆ ಹಾರಿದರೆ ಎಷ್ಟು ಹೊತ್ತು? ಐವತ್ತು ನಿಮಿಷ ಎಂದು ನನಗೂ ಗೊತ್ತಿತ್ತು. ನಾನು ಬರೆದದ್ದು: 'ಎರಡು ದಿನ. ಮೊದಲು ತೆಂಕಲಿಗೆ ಇಕಾಲುಯಿಟ್‌ವರೆಗೆ ಹೋಗಬೇಕು, ಅಲ್ಲಿ ಉಳಿಯಬೇಕು, ಮತ್ತೆ ಬಡಗಲಿಗೆ ಬರಬೇಕು. ಗಾಳಿ ಎದ್ದರೆ ಒಂದು ವಾರ.' ಟೀಚರ್ ಕೆಂಪು ಗೀಟು ಹಾಕಿದಳು. ತಿದ್ದು ಅಂದಳು. ತಿದ್ದುವುದಿಲ್ಲ ಅಂದೆ. ಹಾಗೇ ಬರೆದಿದ್ದ ಉಳಿದವರೆಲ್ಲ ತಿದ್ದಿದರು, ನಾನು ಕೋಟು ಹಾಕಿಕೊಂಡು ಹೊರಗೆ ಬಂದೆ. ಅಷ್ಟು ಸಣ್ಣ ಸುಳ್ಳಿಗೆ ಶಾಲೆ ಬಿಟ್ಟವಳು ಇಷ್ಟು ದೊಡ್ಡದನ್ನು ಬರೆದು ಸಂಬಳ ತೆಗೆದುಕೊಂಡೆ.

ಕಳೆದ ವಾರ ಡಂಕನ್ ಮತ್ತೆ ಅದೇ ಕೇಳಿದ. 'ಹದಿನೈದು ಮೈಲಿ, ಸ್ವಚ್ಛ' ಎಂದು ಬರೆದೆ. ಕೆಲಸದಿಂದ ಹೊರಗೆ ಹಾಕಿದ.

ನನಗೆ ಅವನ ಮೇಲೆ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ. ಆದರೆ ನಿನ್ನ ಮೇಲೂ ಇದೆ, ಕೇಳು. ತಂಗಿ ಸತ್ತ ಮೇಲೆ ನೀನು ಬರೆದೆ: 'ಹವಾಮಾನದ ಮೇಲೆ ಸಿಟ್ಟಾಗುವವರು ಮಕ್ಕಳು. ಆಗಲಿಲ್ಲ ಅಂದರೆ ಆಗಲಿಲ್ಲ.' ಆ ಸಾಲನ್ನು ನಾನು ಚಳಿಗಾಲವಿಡೀ ಓದಿದ್ದೇನೆ. ಹುಟ್ಟಿದ ವಾರವೇ ನನಗೆ ನಿನ್ನ ಸತ್ತ ಗಂಡನ ಹೆಸರಿಟ್ಟರು. ಅಂದಿನಿಂದ ಹುಡುಗಿಯಾದ ನನ್ನನ್ನು ನೀನು ಗಂಡ ಎಂದೇ ಕರೆಯುತ್ತೀ. ಗಂಡ ಹೇಳಿದ್ದನ್ನು ನಂಬಿ ಸುಮ್ಮನಾದೆಯಲ್ಲ. ಒಂದು ಸಲ ಕೂಗಾಡಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆ.

ಉಯಾರಾಸುಕ್


ತಸಿಯಾಲುಕ್
ಸೀಲ್ ಮರಿ ಹುಟ್ಟುವ ತಿಂಗಳು, ಗುರುವಾರ

ನನ್ನ ಗಂಡನಿಗೆ,

ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ಮಕ್ಕಳು ತಂದ ಚಾರ್ ಮೀನು ಈ ಸಲ ತೆಳ್ಳಗಿದೆ, ಹೆಪ್ಪುಗಟ್ಟಿದ ಹಾಗೆಯೇ ಕೆತ್ತಿ ತಿಂದರೂ ರುಚಿಯಿಲ್ಲ. ನೀನು ಹನ್ನೆರಡು ವರ್ಷದವಳಾಗಿದ್ದಾಗ ಹೊಡೆದ ಮೊದಲ ಸೀಲ್‌ನ ಈಲಿ ಮಾಂಸ ಕಳಿಸಿದ್ದೆಯಲ್ಲ, ಅದರ ರುಚಿ ಈಗಲೂ ನಾಲಿಗೆಯಲ್ಲಿದೆ. 'ನನ್ನ ಗಂಡ ಮತ್ತೆ ಬೇಟೆಗೆ ಶುರುಮಾಡಿದ' ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ತಂಗಿ ಪನಿಪಾಕ್ ಹೋಗಿ ಇಷ್ಟು ದಿನವಾಯಿತು. ನಾನು ಸಿಟ್ಟಾಗಿಲ್ಲ. ಹವಾಮಾನಕ್ಕೆ ಯಾರು ಏನು ಮಾಡುತ್ತಾರೆ.

ಒಂದು ಕೇಳಬೇಕಿತ್ತು. ಆ ದಿನ ಮಂಜು ಎಷ್ಟು ದಪ್ಪ ಇತ್ತು? ಕಡಲ ಕಡೆಯಿಂದ ಬಂತೋ, ಬೆಟ್ಟದಿಂದ ಇಳಿಯಿತೋ? ನೀನು ಅದನ್ನೆಲ್ಲ ಅಳೆಯುವ ಕೆಲಸದಲ್ಲಿದ್ದೀ. ನನ್ನ ಮುದುಕ ಹವೆಯ ವಿಷಯವನ್ನು ಬಹಳ ಸರಿಯಾಗಿ ಹೇಳುತ್ತಿದ್ದ. ಸೀಲ್ ತಪ್ಪಿಸಿಕೊಂಡರೆ ಅದನ್ನು ನಾಯಿಗಳಿಗೂ ಹೇಳುತ್ತಿದ್ದ. ನೀನೂ ಹಾಗೇ ಅಂದುಕೊಂಡಿದ್ದೇನೆ.

ಬೆಚ್ಚಗಿರು.

ಕಪ್ಪಿಯಾನಾಕ್


ಇಕಿರಾಸಾಕ್
ಏಪ್ರಿಲ್ 2, 1993

ಕಪ್ಪಿಯಾನಾಕ್‌ಗೆ,

ನಿನ್ನ ಕಾಗದ ನಿನ್ನೆ ಬಂತು. ನಿಂತಲ್ಲೇ ಒಡೆದೆ. ಮೀನು ತೆಳ್ಳಗಿದೆಯಂತೆ. ಮಂಡಿ ಮಾತು ಕೇಳುವುದಿಲ್ಲವಂತೆ.

ನಾನು ಬರೆದದ್ದಕ್ಕೆ ಇದು ಉತ್ತರವೇ? ಮಂಜೇ ಇರಲಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆದೆ. ಅದನ್ನು ಓದಿದ ಮೇಲೆ, ಮಂಜು ಎಷ್ಟು ದಪ್ಪ ಇತ್ತು, ಯಾವ ಕಡೆಯಿಂದ ಬಂತು ಎಂದು ಕೇಳುತ್ತೀಯಲ್ಲ. ನನ್ನನ್ನು ಆಡಿಸುತ್ತಿದ್ದೀಯಾ? ಬೈಯಬೇಕಾದರೆ ಬೈಯಿ. ನಗುನಗುತ್ತ ಚರ್ಮ ಸುಲಿಯಬೇಡ.

ಇಲ್ಲವೇ ನಿನಗೆ ಏನೂ ಅನ್ನಿಸಲೇ ಇಲ್ಲವೇ? ಅವಳು ನಿನ್ನ ತಂಗಿ. ನನ್ನನ್ನು ಸಾಕಿದವಳು. ನಿಮ್ಮ ಕಾಲದವರ ಈ ಸಮಾಧಾನ ನೋಡಿದರೆ ನನಗೆ ಮೈ ಉರಿಯುತ್ತದೆ. ಸರಕಾರ ನಾಯಿಗಳನ್ನು ಕೊಂದಾಗಲೂ ಆಗಲಿಲ್ಲ ಅಂದರೆ ಆಗಲಿಲ್ಲ. ಮಕ್ಕಳನ್ನು ಹಡಗಿನಲ್ಲಿ ಶಾಲೆಗೆ ಒಯ್ದಾಗಲೂ ಅದೇ ಮಾತು. ಈಗ ನಾನು ಸುಳ್ಳು ಬರೆದರೂ ಅದೇ. ನನ್ನನ್ನು ಹವಾಮಾನ ಅಂದುಕೊಂಡೆಯಾ?

ಉಯಾರಾಸುಕ್


ತಸಿಯಾಲುಕ್
ಗಡ್ಡದ ಸೀಲ್ ಮರಿ ಹುಟ್ಟುವ ತಿಂಗಳು. ನಿನಗಾಗಿ ದಿನಾಂಕವನ್ನೂ ಹಾಕುತ್ತೇನೆ: ಏಪ್ರಿಲ್ 24.

ಉಯಾರಾಸುಕ್‌ಗೆ,

ಹೌದು, ಹೆಸರು ಹಿಡಿದು ಕರೆದೆ. ಮತ್ತೊಮ್ಮೆ ಓದಿಕೋ. ಹದಿನೆಂಟು ವರ್ಷದಲ್ಲಿ ಮೊದಲ ಸಲ.

ನಿನ್ನ ಎರಡೂ ಕಾಗದಗಳು ಮುಂದೆ ಇವೆ. ಮೊದಲನೆಯದು ಬಂದಾಗ ಹತ್ತು ದಿನ ಅದನ್ನು ಒಲೆಯ ಮೇಲಿನ ಗೂಡಿನಲ್ಲಿಟ್ಟು ಮುಟ್ಟಲಿಲ್ಲ. ಎರಡನೆಯದು ಮೊನ್ನೆ ಬಂತು. ನಾನು ಮೀನಿನ ಬಗ್ಗೆ ಬರೆದಾಗ ನಿನ್ನ ಕಾಗದ ಇನ್ನೂ ದಕ್ಷಿಣದ ಒಟ್ಟಾವಾದಲ್ಲೋ ಎಲ್ಲೋ ಅಂಚೆ ಚೀಲದಲ್ಲಿತ್ತು. ಅದು ಉತ್ತರವಲ್ಲ, ಹುಡುಗಿ. ಸೀಲ್ ಮರಿ ಹುಟ್ಟುವ ತಿಂಗಳಿಗೆ ನಾಲ್ಕು ಗುರುವಾರವಿರುತ್ತದೆ. ನಿನಗೆ ಬೇಕಾದ ಗುರುವಾರವನ್ನು ನೀನು ಆರಿಸಿಕೊಂಡು ನನ್ನ ಮೇಲೆ ಹಾರಿದೆ.

ಇದು ಉತ್ತರ.

ನನಗೆ ಗೊತ್ತಿತ್ತು. ಅಕ್ಟೋಬರ್ ಹದಿನೈದರಿಂದ ಗೊತ್ತಿತ್ತು. ನಾನು ಕಿಟಕಿಯ ಪಕ್ಕ ಕೂತಿದ್ದೆ. ವಿಮಾನ ಇಳಿಯಲು ಬಾಗಿತು, ನಿಮ್ಮೂರು ಇಡಿಯಾಗಿ ಕಂಡಿತು. ಚರ್ಚಿನ ತಗಡು ಕಂಡಿತು. ಹೊಗೆ ನೇರ ಮೇಲಕ್ಕೆ ಹೋಗುತ್ತಿತ್ತು. ಆಮೇಲೆ ವಿಮಾನ ಮತ್ತೆ ಏರಿತು. ಗಣಿಯವರ ಜೊತೆಗಿದ್ದ ನಮ್ಮ ಹುಡುಗ, ಅವರ ಮಾತು ತಿರುಗಿಸಿ ಹೇಳುವವನು, ನನ್ನ ಕಡೆ ಬಗ್ಗಿದ.

"ಅಜ್ಜೀ, ಕೆಳಗೆ ಮಂಜಂತೆ. ಇಳಿಯಲ್ವಂತೆ."

"ನಿನ್ನ ಕಣ್ಣು ಎಲ್ಲಿ ಮಾರ್ಕೊಂಡ್ಯೋ? ಅಲ್ಲಿ ನಾಯಿ ಕಾಲೆತ್ತಿದ್ದೂ ಕಾಣ್ತಿದೆ."

"ಅವ್ರು ಮಂಜು ಅಂದ್ರೆ ಮಂಜು ಅಜ್ಜೀ. ತಗೋ, ಬಿಸ್ಕತ್ತು ತಿನ್ನು."

ಆ ಬಿಸ್ಕತ್ತು ಇನ್ನೂ ನನ್ನ ಕೋಟಿನ ಜೇಬಿನಲ್ಲಿದೆ. ತಿಂದಿಲ್ಲ, ಎಸೆದೂ ಇಲ್ಲ.

ರನ್‌ವೇ ಅಂಚಿನಲ್ಲಿ ಒಂದು ಜಾರುಬಂಡಿ, ಅದರ ಮೇಲೊಂದು ಕಪ್ಪು ಗಂಟು. ಅದು ಪನಿಪಾಕ್ ಎಂದು ನನಗೆ ತಿಳಿಯಿತು. ನೀನು ಗುಡಿಸಲಿನಲ್ಲಿ ಹವೆ ಬರೆಯುವ ಕೆಲಸಕ್ಕೆ ಸೇರಿದ್ದೀ ಎಂದು ಸೇರಿದ ದಿನವೇ ಆಸ್ಪತ್ರೆಗೆ ಹೆಮ್ಮೆಯಿಂದ ಬರೆದಿದ್ದೆಯಲ್ಲ. ಹಾಗಾಗಿ ಮಂಜು ಎಂದು ಬರೆದವರು ಯಾರೆಂದೂ ತಿಳಿಯಿತು.

ಮತ್ತೆ ಯಾಕೆ ಸುಮ್ಮನಿದ್ದೆ ಅನ್ನುತ್ತೀ. ನನ್ನ ಗಂಡ ತಾನಾಗಿ ಹೇಳುತ್ತಾನೆ ಎಂದು ಕಾದೆ. 'ನಾನು ಸಿಟ್ಟಾಗಿಲ್ಲ' ಎಂದು ನಾನು ಬರೆದದ್ದು ನಿನ್ನದರಷ್ಟೇ ದೊಡ್ಡ ಸುಳ್ಳು. ಚಳಿಗಾಲವಿಡೀ ಹಲ್ಲು ಕಚ್ಚಿಕೊಂಡಿದ್ದೆ. ನಾಯಿಗಳನ್ನು ಕೊಂದಾಗ ನಾವು ಸಿಟ್ಟಾಗಲಿಲ್ಲ ಎಂದು ನಿನಗೆ ಯಾರು ಹೇಳಿದರು? ನೀನು ಇನ್ನೂ ಹುಟ್ಟಿರಲಿಲ್ಲ. ನಿನ್ನ ಹೆಸರಿನವನು ಮೂರು ದಿನ ಯಾರೊಡನೆಯೂ ಮಾತಾಡದೆ ಮಂಜುಗಡ್ಡೆಯ ಮೇಲೆ ಕೂತಿದ್ದ. ಸಿಟ್ಟು ಅಂದರೆ ಏನೆಂದು ನಮಗೆ ಹೇಳಿಕೊಡಬೇಡ.

ಡಂಕನ್ ಹೇಳಿದ, ನಾನು ಬರೆದೆ ಅನ್ನುತ್ತೀ. ಹೇಳಿದ ಬಾಯಿ ಅವನದು. ಬರೆದ ಕೈ ನನ್ನ ಗಂಡನ ಹೆಸರಿನದು.

ನೀನು ಎಲ್ಲವನ್ನೂ ಬರೆದಿಲ್ಲ. ವಿಮಾನ ಮೇಲೆ ಹೋದಾಗ ಆ ಕಪ್ಪು ಗಂಟು ತಲೆ ಎತ್ತಿತೋ ಇಲ್ಲವೋ, ಅಷ್ಟು ದೂರದಿಂದ ನನಗೆ ಕಾಣಲಿಲ್ಲ. ನಿನಗೆ ಕಂಡಿರಬೇಕು. ನಿನ್ನ ನಾಲ್ಕು ಪುಟಗಳಲ್ಲಿ ಡಂಕನ್ ಇದ್ದಾನೆ, ಟೀಚರ್ ಇದ್ದಾಳೆ. ನನ್ನ ತಂಗಿ ಒಂದು ಮಾತೂ ಆಡುವುದಿಲ್ಲ.

ಇಲ್ಲಿಗೆ ಬಾ. ಬಂದು ಮುಖ ನೋಡಿ ಹೇಳು. ನಮ್ಮಲ್ಲಿ ದೂರವನ್ನು ನಿದ್ದೆಯಲ್ಲಿ ಎಣಿಸುತ್ತಿದ್ದೆವು. ನಿಮ್ಮೂರು ಎರಡು ನಿದ್ದೆ. ನೀನು ಐವತ್ತು ನಿಮಿಷ ಅನ್ನುತ್ತೀ. ನಿನಗೆ ಐದು ತಿಂಗಳು ಹಿಡಿಯಿತು.

ಕಡಲ ಮೇಲೆ ದಾರಿಯಾಗುವ ಮಂಜುಗಡ್ಡೆ ಜೂನ್ ನಡುವಿನವರೆಗೆ ಇರುತ್ತದೆ. ಮತ್ತೆ ಕಟ್ಟುವುದು ನವೆಂಬರ್‌ಗೆ. ಎಪ್ಪತ್ತೆಂಟು ವರ್ಷದವಳು ಅಷ್ಟು ದೂರದ ತಿಂಗಳಿಗೆ ಮಾತು ಕೊಡುವುದಿಲ್ಲ.

ಕಪ್ಪಿಯಾನಾಕ್


ಇಕಿರಾಸಾಕ್
ಮೇ 16, 1993

ಕಪ್ಪಿಯಾನಾಕ್‌ಗೆ,

ಇದನ್ನು ಅಕುಮಾಲಿಕ್ ತರುತ್ತಿದ್ದಾನೆ. ಮಗಳ ಮದುವೆಗೆ ಜಾರುಬಂಡಿ ಕಟ್ಟಿಕೊಂಡು ನಿಮ್ಮೂರಿಗೆ ಹೊರಟಿದ್ದಾನೆ. ಅಂಚೆಯಲ್ಲಿ ಹಾಕಿದರೆ ಈ ಕಾಗದ ಇಕಾಲುಯಿಟ್‌ಗೆ ಹೋಗಿ, ಒಟ್ಟಾವಾಕ್ಕೆ ಹೋಗಿ, ಮತ್ತೆ ಅಷ್ಟೂ ದಾರಿ ಹಿಂದೆ ಬರುತ್ತದೆ. ಆರು ಸಾವಿರ ಕಿಲೋಮೀಟರ್‌ಗಿಂತ ಹೆಚ್ಚು. ನನ್ನ ಹತ್ತಿರ ಅಷ್ಟು ಹೊತ್ತಿಲ್ಲ.

ನೀನು ಹೇಳಿದ್ದು ನಿಜ. ಬರೆಯದೆ ಬಿಟ್ಟಿದ್ದೆ.

ವಿಮಾನದ ಸದ್ದು ಹತ್ತಿರ ಬಂದಾಗ ಅಜ್ಜಿ ಕೈಗವಸು ಬಿಚ್ಚಿದ್ದು ನನಗೆ ಕಿಟಕಿಯಿಂದ ಕಂಡಿತು. ನಿನ್ನ ಕೈ ಬರಿಗೈಯಲ್ಲಿ ಹಿಡಿಯಬೇಕೆಂದಿರಬಹುದು. ಸದ್ದು ಮತ್ತೆ ದೂರವಾಯಿತು. ನಾನು ಗುಡಿಸಲಿನಿಂದ ಓಡಿ ಬಂದೆ. ಅವಳ ಬೆರಳು ಆಗಲೇ ಬೆಳ್ಳಗಾಗುತ್ತಿದ್ದವು. ಗವಸು ತೊಡಿಸಿದೆ.

"ಯಾಕೆ ಹೋಯ್ತು?" ಅಂದಳು.

"ಮಂಜು ಅಜ್ಜೀ. ದಟ್ಟ ಮಂಜು. ಏನೂ ಕಾಣ್ತಿಲ್ಲ."

ಅವಳು ಮುಖವನ್ನು ಒಂದು ಕಡೆ ತಿರುಗಿಸಿದಳು, ಆಮೇಲೆ ಇನ್ನೊಂದು ಕಡೆ. ಗವಸಿನ ಬೆನ್ನಿನಿಂದ ರೆಪ್ಪೆ ಮುಟ್ಟಿ ನೋಡಿಕೊಂಡಳು. ಆ ಚಳಿಯಲ್ಲಿ ಮಂಜಿದ್ದರೆ ರೆಪ್ಪೆಗೆ ಹಿಮ ಕಟ್ಟಿ ಅಂಟಬೇಕು. ಒಣಗಿತ್ತು.

"ಹೌದಾ," ಅಂದಳು. ಹೊದಿಕೆ ಎಳೆದುಕೊಂಡು, "ಮನೆಗೆ ಎಳ್ಕೊಂಡ್ ಹೋಗು."

ಅಷ್ಟೇ. ಆಮೇಲಿನ ಐದು ದಿನ ಅದರ ಮಾತೆತ್ತಲಿಲ್ಲ. ನಾನು ಕೊಟ್ಟ ಚಹಾ ಕುಡಿದಳು. ನನ್ನನ್ನು ಒಂದು ಸಲವೂ ಬೈಯಲಿಲ್ಲ. ಕಣ್ಣಿದ್ದವಳು ನಾನು. ಮಂಜಿಲ್ಲ ಎಂದು ಕಂಡದ್ದು ಅವಳಿಗೆ.

ಮತ್ತೊಂದು. ಅವಳು ನಿನಗೆಂದು ಸೀಲ್ ಚರ್ಮದ ಬೂಟು ಹೊಲಿದಿದ್ದಳು. ಕಣ್ಣಿಲ್ಲದೆ, ಹೆಬ್ಬೆರಳಿನ ಉಗುರಿನಿಂದ ಹೊಲಿಗೆ ಎಣಿಸಿ. ಆ ದಿನ ಅದು ಅವಳ ತೊಡೆಯ ಮೇಲಿತ್ತು. ಅಂಚೆಯಲ್ಲಿ ಕಳಿಸಲಿಲ್ಲ, ದಕ್ಷಿಣದ ಗೋದಾಮುಗಳ ಶಾಖಕ್ಕೆ ಚರ್ಮ ಕೆಟ್ಟುಹೋಗುತ್ತದೆ. ಇದು ಅರ್ಧ ಕಾರಣ. ಬೂಟು ಕಳಿಸಿದರೆ ಜೊತೆಗೆ ಏನಾದರೂ ಬರೆಯಬೇಕಲ್ಲ, ಅದಕ್ಕೆ ಹೆದರಿದೆ. ಈಗ ಅಕುಮಾಲಿಕ್‌ನ ಕೈಯಲ್ಲೂ ಕಳಿಸುತ್ತಿಲ್ಲ. ಅದನ್ನು ನಾನೇ ತರಬೇಕು.

ಟಿಕೆಟ್ ಕೇಳಲು ಹೋಗಿದ್ದೆ. ಡಂಕನ್ ಪಟ್ಟಿ ತೆಗೆಯಲೂ ಇಲ್ಲ.

"ತಸಿಯಾಲುಕ್‌ಗಾ? ಇಕಾಲುಯಿಟ್ ಸುತ್ಕೊಂಡು ಹೋಗ್ಬೇಕು. ಜೂನ್ ಕೊನೇವರೆಗೂ ಸೀಟಿಲ್ಲ."

ನನ್ನ ಹತ್ತಿರ ಅಕ್ಟೋಬರ್ ಹದಿನೈದರ ಹಾಳೆಯ ಕಾರ್ಬನ್ ಪ್ರತಿ ಇದೆ ಎಂದೆ. ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕ.

"ಅದ್ರ ಕೆಳಗೆ ಯಾರ ಸಹಿ ಇದೆ ಓದ್ಕೋ."

ನನ್ನದೇ ಇದೆ. ಆ ಹಾಳೆಯನ್ನೂ ತರುತ್ತೇನೆ. ಅದನ್ನು ಯಾರಿಗೆ ತೋರಿಸಬೇಕೋ ನೀನೇ ಹೇಳು. ಇಡೀ ಊರಿನ ಮುಂದೆ ಓದು ಅಂದರೂ ಓದುತ್ತೇನೆ.

ಉಯಾರಾಸುಕ್


ತಸಿಯಾಲುಕ್
ಮೇ 22

ಉಯಾರಾಸುಕ್‌ಗೆ,

ಅಕುಮಾಲಿಕ್ ನಿನ್ನ ಕಾಗದವನ್ನು ಎರಡು ನಿದ್ದೆಯಲ್ಲಿ ತಂದ. ಮದುವೆಯ ಮನೆಯಲ್ಲಿ ಕೂತು ಓದಿದೆ. ಜನ ಕುಣಿಯುತ್ತಿದ್ದರು. ಯಾರೋ ಬಂದು "ಅಜ್ಜೀ, ಮಕ್ತಾಕ್ ತಿನ್ನು, ತಿಮಿಂಗಿಲದ ತೊಗಲು ನಿಂಗಂತ ಮೆತ್ತಗೆ ಕೊಯ್ದಿದೀನಿ" ಅಂದರು. ಪಕ್ಕದ ಮಗುವಿಗೆ ಕೊಟ್ಟೆ.

ಪನಿಪಾಕ್ ಚಿಕ್ಕಂದಿನಿಂದಲೂ ಹಾಗೆ. ಯಾರಾದರೂ ಸುಳ್ಳು ಹೇಳಿದರೆ 'ಹೌದಾ' ಅಂದು ಸುಮ್ಮನಾಗುತ್ತಿದ್ದಳು. ಹೇಳಿದವರು ಅದರ ಜೊತೆ ಬದುಕಿಕೊಳ್ಳಲಿ ಎಂದು. ನಾನು ಅವಳಲ್ಲ. ನೀನು ಬಂದ ದಿನ ನೆರೆಮನೆಯವರೆಲ್ಲ ಕೇಳುವ ಹಾಗೆ ಬೈಯುತ್ತೇನೆ, ಸಿದ್ಧಳಾಗಿ ಬಾ. ಹಾಳೆಯ ವಿಷಯ ಅದಾದ ಮೇಲೆ.

ಹಳೆಯ ಬಂಡೆಯ ಹತ್ತಿರ ಮಂಜುಗಡ್ಡೆ ಬಿರಿದಿದೆ ಎಂದು ಅಕುಮಾಲಿಕ್ ಹೇಳಿದ. ಹುಡುಗರು ಬಲಕ್ಕೆ ಹೋಗುತ್ತಾರೆ, ಅಲ್ಲಿ ಕಿರಿದಾಗಿ ಕಾಣುತ್ತದೆ. ಕೆಳಗೆ ನೀರಿನ ಸೆಳೆತ ಇರುವುದು ಅಲ್ಲೇ. ನನ್ನ ಮುದುಕ ಯಾವಾಗಲೂ ಎಡಕ್ಕೆ ಸುತ್ತಿ, ಹಿಮನದಿಯ ಬುಡದಿಂದ ಹತ್ತುತ್ತಿದ್ದ. ಅರ್ಧ ದಿನ ಹೆಚ್ಚು. ಈಟಿಯಿಂದ ಕುಟ್ಟಿ ನೋಡದೆ ಕಾಲಿಡಬೇಡ. ಬೂಟನ್ನು ಬಿಸಿಲಿಗೆ ಕಟ್ಟಬೇಡ.

ನಿನ್ನನ್ನು ಇನ್ನು ಮುಂದೆ ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ಸುಳ್ಳು ಹೇಳುವುದು ನನಗೆ ಸಾಕಾಗಿದೆ, ಅದಕ್ಕೇ ಗೊತ್ತಿಲ್ಲ ಎಂದು ಬರೆಯುತ್ತಿದ್ದೇನೆ.

ಕಪ್ಪಿಯಾನಾಕ್


ಇಕಿರಾಸಾಕ್
ಮೇ 26, 1993

ಕಪ್ಪಿಯಾನಾಕ್‌ಗೆ,

ಅಕುಮಾಲಿಕ್ ನಿನ್ನೆ ಬಂದ. ಅವನೂ ಎಡಕ್ಕೇ ಸುತ್ತಿ ಬಂದನಂತೆ, ನೀನು ಅವನ ತೋಳು ಹಿಡಿದು ಆಣೆ ಮಾಡಿಸಿಕೊಂಡೆಯಂತೆ. "ಆ ಮುದುಕಿ ಇಷ್ಟು ಸಿಟ್ಟಾಗಿದ್ದನ್ನ ನಾನು ನೋಡೇ ಇಲ್ಲ," ಅಂದ. "ಏನ್ ಮಾಡ್ದೆ ನೀನು?" ಹೇಳಿದೆ. ಅವನ ಹೆಂಡತಿಯೂ ಅಲ್ಲೇ ಇದ್ದಳು, ಅವಳ ಮುಂದೆಯೇ ಎಲ್ಲ ಹೇಳಿದೆ. ಇಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿದೆ. ಬೆಳಿಗ್ಗೆ ಅಂಗಡಿಯಲ್ಲಿ ಇಬ್ಬರು ನನ್ನ ಕಡೆ ಬೆನ್ನು ಮಾಡಿದರು. ಡಂಕನ್‌ಗೆ ಎಲ್ಲರೂ ಎಂದಿನ ಹಾಗೆ ನಮಸ್ಕಾರ ಹೇಳಿದರು. ಅವನು ದಕ್ಷಿಣದವನು, ಅವನಿಂದ ಯಾರೂ ಏನನ್ನೂ ಬಯಸಿರಲಿಲ್ಲ. ನನ್ನಿಂದ ಬಯಸಿದ್ದರು. ಸಿಟ್ಟು ಬಂತು. ಆದರೆ ಸರಿ ಅನ್ನಿಸಿತು.

ಮಾವ ಸ್ನೋಮೊಬೈಲ್ ಕೊಟ್ಟಿದ್ದಾನೆ. "ಮುರಿದ್ರೆ ನಿನ್ನನ್ನೇ ಗಾಡಿಗೆ ಕಟ್ಟಿ ಎಳೆಸ್ತೀನಿ," ಅಂದ. ಒಂದು ಡಬ್ಬ ಬ್ಯಾನಕ್ ರೊಟ್ಟಿ, ಒಲೆ, ಈಟಿ, ಹೆಚ್ಚಿನ ಪೆಟ್ರೋಲ್ ಕಟ್ಟಿಯಾಯಿತು. ಬೂಟನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದ ತಂಪಿನಲ್ಲಿಟ್ಟಿದ್ದೇನೆ. ಹಾಳೆ ನನ್ನ ಅಂಗಿಯೊಳಗಿದೆ.

ಈ ಕಾಗದವನ್ನು ಬೇಕೆಂದೇ ಅಂಚೆಗೆ ಹಾಕುತ್ತಿದ್ದೇನೆ. ಇದು ತನ್ನ ಆರು ಸಾವಿರ ಕಿಲೋಮೀಟರ್ ಸುತ್ತಿಕೊಂಡು ಬರಲಿ. ನಾನು ಮೊದಲೇ ಬಂದಿರುತ್ತೇನೆ. ನಾನು ಬಾರದೆ ಇದೊಂದೇ ಬಂದರೆ, ಹುಡುಕುವವರನ್ನು ಎಡಗಡೆಯ ದಾರಿಗೆ ಕಳಿಸು. ನಾನು ಆ ದಾರಿಯಲ್ಲೇ ಇರುತ್ತೇನೆ. ಬಲಕ್ಕೆ ಹೋಗಿರುವುದಿಲ್ಲ.

ನಮ್ಮಲ್ಲಿ ಬಾಗಿಲು ತಟ್ಟುವವರು ಪೊಲೀಸರು ಮತ್ತು ದಕ್ಷಿಣದವರು ಮಾತ್ರ. ಮನೆಯವರು ಸೀದಾ ಒಳಗೆ ಬರುತ್ತಾರೆ. ನಾನು ಬಾಗಿಲು ತಟ್ಟುತ್ತೇನೆ. ಯಾರು ಎಂದು ನೀನು ಕೇಳುತ್ತೀ. ಗಂಡ ಎಂದೂ ಹೇಳುವುದಿಲ್ಲ, ಹೆಸರನ್ನೂ ಹೇಳುವುದಿಲ್ಲ. ಬೂಟು ಹಿಡಿದು ಅಲ್ಲೇ ನಿಂತಿರುತ್ತೇನೆ. ಬಾಗಿಲು ತೆಗೆದು, ಮುಖ ನೋಡಿ, ನೀನೇ ಕರೆ. ಏನೆಂದು ಕರೆಯುತ್ತೀಯೋ ಅದಾಗಿ ಒಳಗೆ ಬರುತ್ತೇನೆ.

ಇಂದು ಹದಿನೈದು ಮೈಲಿ ಸ್ವಚ್ಛವಾಗಿ ಕಾಣುತ್ತಿದೆ. ನಾಳೆ ಹೊರಡುತ್ತೇನೆ.

ಉಯಾರಾಸುಕ್